ನೀರಿನಡಿಯ ಹೊಗೆ

ತಲೆನೋವಿನ ದೂರು ಮೊದಲ ಸಲ ಬಂದಾಗ ನಾನು ಮಾಸ್ಕಿನ ಪಟ್ಟಿ ಸಡಿಲ ಮಾಡಿದೆ. ಹೊಸಬರು ನೀರು ಒಳಗೆ ಬಂದೀತೆಂಬ ಹೆದರಿಕೆಗೆ ಪಟ್ಟಿಯನ್ನು ಎಳೆದು ಬಿಗಿದುಕೊಂಡಿರುತ್ತಾರೆ. ಸ್ವಲ್ಪ ಹೊತ್ತಿಗೆ ಹಣೆ ಸಿಡಿಯಲು ಶುರುವಾಗುತ್ತದೆ. ಮರುದಿನ ಇನ್ನೊಬ್ಬ ಪ್ರವಾಸಿ ಅದನ್ನೇ ಹೇಳಿದಾಗ ಉಪ್ಪುನೀರು ಹೊಟ್ಟೆಗೆ ಹೋಗಿರಬೇಕು ಎಂದುಕೊಂಡೆ. ಆಮೇಲೊಬ್ಬರು ದಡಕ್ಕೆ ಬಂದವರೇ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿಕೊಂಡರು. ನಾನು ಆಳ ಕಡಿಮೆ ಮಾಡಿದೆ, ನೀರಿನಲ್ಲಿರುವ ಹೊತ್ತು ಕಡಿಮೆ ಮಾಡಿದೆ. ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ರೆಗ್ಯುಲೇಟರುಗಳನ್ನೆಲ್ಲ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಒಣಗಿಸಿದೆ. ಮಾಲೀಕನಿಗೂ ಹೇಳಿದೆ. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಬಿಸಿಲು ಮಾರಾಯ್ತಿ. ಟೊಪ್ಪಿ ಹಾಕ್ಕೊಳ್ಳಿಕ್ಕೆ ಹೇಳು," ಎಂದ.

ಅವನನ್ನು ಈ ಬರಹದಲ್ಲಿ 'ಅವರು' ಎನ್ನಲು ನನಗೆ ಮನಸ್ಸಿಲ್ಲ. ಕೆಲಸದಲ್ಲಿದ್ದಾಗ ಬೇಕಾದಷ್ಟು ಸಲ ಎಂದಾಗಿದೆ.

ನಾನು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯವಳು. ಕೃಷ್ಣೆಯ ದಂಡೆಯ ಊರು. ಈಜು ನಮಗೆ ಯಾರೂ ಕಲಿಸಲಿಲ್ಲ, ನಡಿಗೆಯ ಹಾಗೆ ಬಂತು. ಆಗ ನಾನು ಉತ್ತರ ಕನ್ನಡದ ಒಂದು ಪುಟ್ಟ ಕೊಲ್ಲಿಯಲ್ಲಿ ಪ್ರವಾಸಿಗರನ್ನು ನೀರಿನಡಿಗೆ ಕರೆದೊಯ್ಯುವ ಕೆಲಸದಲ್ಲಿದ್ದೆ. ಎರಡೂ ಬದಿಗೆ ಗುಡ್ಡದ ಕರಿಬಂಡೆ ಕಡಲಿಗೆ ಚಾಚಿಕೊಂಡಿದ್ದರಿಂದ ಹೊರಗೆ ಅಲೆ ಎದ್ದರೂ ಒಳಗಿನ ನೀರು ಕೆರೆಯಂತೆ ನಿಂತಿರುತ್ತಿತ್ತು. ದೋಣಿ ಬೇಡ. ದಡದಿಂದಲೇ ನಡೆದು ಇಳಿಯಬಹುದು. ಎದೆಮಟ್ಟದವರೆಗೆ ಬರಿ ಮರಳು, ಅದರಾಚೆ ಹವಳ ಕಟ್ಟಿದ ಬಂಡೆಸಾಲು, ಅದು ಮುಗಿದಲ್ಲಿ ಮೂರಾಳು ಆಳದ ಬಿಳಿ ಮರಳಿನ ಅಂಗಳ.

ಅಲ್ಲಿ ಎರಡು ಬಗೆಯ ಕೆಲಸವಿತ್ತು. ಒಂದು ಸ್ನಾರ್ಕೆಲಿಂಗ್: ಮುಖ ನೀರಿನಲ್ಲಿ, ಉಸಿರಿನ ಕೊಳವೆ ಮೇಲೆ, ತೇಲುತ್ತ ಕೆಳಗಿನದನ್ನು ನೋಡುವುದು. ಇನ್ನೊಂದು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ದಡದಿಂದ ತಳಕ್ಕಿಳಿಯುವ ಡೈವಿಂಗ್. ಜನ ಅದನ್ನು ಆಕ್ಸಿಜನ್ ಸಿಲಿಂಡರ್ ಎಂದೇ ತಿಳಿದಿರುತ್ತಾರೆ. ಅಲ್ಲ. ಅದರಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿ. ಕಂಪ್ರೆಸರ್ ಎಂಬ ಯಂತ್ರ ಅದನ್ನು ಎಳೆದು, ಸೋಸಿ, ಒತ್ತಿ ತುಂಬುತ್ತದೆ. ಯಂತ್ರದ ಕೊಳವೆಯ ಬಾಯಿ ಎಲ್ಲಿರುತ್ತದೋ ಅಲ್ಲಿನ ಗಾಳಿಯೇ ನೀರಿನಡಿ ಮನುಷ್ಯನ ಎದೆಯೊಳಗೆ ಹೋಗುತ್ತದೆ. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಆ ವಾರದ ಕೊನೆಗೆ ನಮ್ಮ ಕಡೆಯ ಬಸ್ಸೊಂದು ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲ್ಲೂಕಿನ ದೈಹಿಕ ಶಿಕ್ಷಕರು ತಾವೇ ಕೂಡಿ ಹೊರಟ ಪ್ರವಾಸ. "ಚಪ್ಪಲ್ ಹಾಕ್ಕೊಂಡ ಇಳೀರ್ಯೋ, ಉಸುಕು ಸುಡಾಕತ್ತೈತಿ," ಎಂಬ ಕೂಗು ಬಸ್ಸಿನ ಬಾಗಿಲಲ್ಲಿ ಕೇಳಿದ್ದೇ ನನಗೆ ಊರಿಗೆ ಹೋದಷ್ಟು ಖುಷಿಯಾಯಿತು.

ಮಾಲೀಕ ನನ್ನನ್ನು ಪಕ್ಕಕ್ಕೆ ಕರೆದ. "ಬಯಲುಸೀಮೆಯವ್ರು. ಮೊಣಕಾಲು ನೀರಲ್ಲಿ ನಿಲ್ಸಿ ಫೋಟೋ ತೆಗ್ದು ಕಳ್ಸು. ನೀರು ಅಂದ್ರೆ ಏನಂತ ಗೊತ್ತುಂಟಾ ಇವಕ್ಕೆ?"

ನಾನು ಎಲ್ಲಿಯವಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದ. ನಾನು ಬುಟ್ಟಿಯಿಂದ ಮಾಸ್ಕುಗಳನ್ನು ತೆಗೆದು ಸಾಲಾಗಿ ಇಟ್ಟೆ.

ಆ ಬೆಳಗಿನ ಸ್ನಾರ್ಕೆಲಿಂಗಿನಷ್ಟು ಸಲೀಸಾದ ತರಗತಿಯನ್ನು ನಾನು ಬೇರೆ ಮಾಡಿಲ್ಲ. ಇವರಿಗೆ ಶಿಸ್ತು ಹೇಳಿಕೊಡಬೇಕಿರಲಿಲ್ಲ. ಇಬ್ಬಿಬ್ಬರ ಜೋಡಿ ಮಾಡಿ ಎಂದರೆ ಮಾತು ಮುಗಿಯುವಷ್ಟರಲ್ಲಿ ಜೋಡಿ ನಿಂತಿದ್ದರು. ಗಾಜಿಗೆ ಆವಿ ಕಟ್ಟದಿರಲೆಂದು ಮಾಸ್ಕಿನೊಳಗೆ ಉಗುಳಿ ತಿಕ್ಕಲು ಹೇಳಿದಾಗ ಸಿಂದಗಿಯ ಮಾಸ್ತರರು, ನಿವೃತ್ತಿಗೆ ಹತ್ತಿರ ಬಂದ ಹಿರಿಯರು, ನಕ್ಕುಬಿಟ್ಟರು. "ಪಾಟಿ ಒರಸಿದಂಗ ಆತಲ್ಲ ತಂಗಿ. ಸಾಲ್ಯಾಗ ಇದಕ್ಕ ಬಡೀತಿದ್ನಿ ಹುಡುಗರ್ನ."

ಕಾಲಿಗೆ ರಬ್ಬರಿನ ರೆಕ್ಕೆ ಕಟ್ಟಿದ ಮೇಲೆ ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾರೆ. ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು ಸೊಂಟಮಟ್ಟ ನೀರಿಗೆ ಹೋಗಿ ಅಲ್ಲಿ ತಿರುಗಿ ಬೋರಲು ಬೀಳಬೇಕು. ಇಂಡಿಯಿಂದ ಬಂದಿದ್ದ ಖೋ-ಖೋ ತರಬೇತಿಯ ಅಕ್ಕೋರು ಎಲ್ಲರಿಗಿಂತ ಮೊದಲು ಬಂಡೆಸಾಲು ಮುಟ್ಟಿ ಬಂದರು. ನಲವತ್ತರ ಆಸುಪಾಸಿನ, ತೆಳ್ಳಗೆ ಎತ್ತರದ ಹೆಂಗಸು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತೇವೆ.

"ಈಸು ಎಲ್ಲಿ ಕಲತೀರ್ರಿ ಅಕ್ಕೋರ?" ಎಂದೆ.

"ನಮ್ಮ ಲಿಂಬಿ ತ್ವಾಟದ ಬಾವ್ಯಾಗ. ಮ್ಯಾಲಿಂದ ಜಿಗದ್ರ ತಳದ ಕಲ್ಲು ತರತಿದ್ನಿ. ಅಲ್ಲಿ ತಳ ಕಾಣತಿರಲಿಲ್ಲ, ಇಲ್ಲಿ ಎಲ್ಲಾ ಕಾಣತೈತಿ. ನನಗ ಕೆಳಗ ಕರಕೊಂಡು ಹೋಗು."

ಮಧ್ಯಾಹ್ನ ಡೈವಿಂಗಿಗೆ ಹೆಸರು ಕೊಟ್ಟವರಲ್ಲಿ ಅವರೇ ಮೊದಲಿಗರು. ನಾನು ಒಬ್ಬೊಬ್ಬರನ್ನೇ ಒಯ್ಯುತ್ತೇನೆಂದು ಹಟ ಹಿಡಿದೆ. ಇಬ್ಬರನ್ನು ಕಟ್ಟಿಕೊಂಡು ಹೋದರೆ ಬೇಗ ಮುಗಿಯುತ್ತದೆಂದು ಮಾಲೀಕ ಗೊಣಗಿದ. ಗೊಣಗಲಿ ಎಂದು ಬಿಟ್ಟೆ. ಕಿವಿ ಬಿಗಿದರೆ ಮೂಗು ಹಿಡಿದು ಮೆಲ್ಲಗೆ ಊದುವುದು, ಯಾವ ಕಾರಣಕ್ಕೂ ಉಸಿರು ಹಿಡಿಯದಿರುವುದು, ಚೆನ್ನಾಗಿದ್ದರೆ ಬೆರಳು ಸುತ್ತಿ ತೋರಿಸುವುದು, ಏನೋ ಸರಿಯಿಲ್ಲವೆನಿಸಿದರೆ ಅಂಗೈ ಅಲ್ಲಾಡಿಸುವುದು. ಎಲ್ಲವನ್ನೂ ಸೊಂಟದ ನೀರಿನಲ್ಲಿ ಮಾಡಿಸಿ, ಎರಡೆರಡು ಸಲ ಕೇಳಿ, ಇಳಿದೆವು.

ಹೋಗುವಾಗ ಎಲ್ಲ ಸರಿಯಿತ್ತು. ಬಂಡೆಸಾಲಿನ ಕೊನೆಯಲ್ಲಿ ಬಿಳಿ ಅಂಗಳದ ಮೇಲೆ ತಿರುಗುವಾಗ ನಾನು ಬೆರಳು ಸುತ್ತಿ ಕೇಳಿದೆ. ಅವರು ಉತ್ತರಿಸಲಿಲ್ಲ. ಮತ್ತೆ ಕೇಳಿದೆ. ಕೈ ಎತ್ತಿದರು, ಬೆರಳುಗಳು ಅರ್ಧಕ್ಕೇ ನಿಂತವು. ಮಾಸ್ಕಿನೊಳಗೆ ಕಣ್ಣು ತೆರೆದಿತ್ತು, ನೋಟ ನನ್ನ ಮೇಲಿರಲಿಲ್ಲ. ಮರುಕ್ಷಣ ರೆಗ್ಯುಲೇಟರ್ ತುಟಿಯಿಂದ ಸಡಿಲಾಗಿ ಜಾರಿತು.

ಒಂದು ಕೈಯಿಂದ ಅದನ್ನು ಮತ್ತೆ ಬಾಯಿಗಿಟ್ಟು ಅದುಮಿ ಹಿಡಿದೆ, ಇನ್ನೊಂದು ಕೈಯಿಂದ ಅವರ ಜಾಕೆಟ್ಟಿನ ಪಟ್ಟಿ ಹಿಡಿದು ಮೇಲಕ್ಕೆ ಹೊರಟೆ. ಗಾಬರಿಯಲ್ಲಿ ಬಾಣದಂತೆ ಮೇಲೇರಿದರೆ ಎದೆಯೊಳಗಿನ ಗಾಳಿ ಉಬ್ಬಿ ಪುಪ್ಪುಸ ಹರಿಯಬಹುದು. ಆದ್ದರಿಂದ ನನ್ನ ಗುಳ್ಳೆಗಳಿಗಿಂತ ನಿಧಾನವಾಗಿ ಏರಬೇಕು. ಆ ನಿಧಾನ ನನ್ನ ಜೀವ ಹಿಂಡಿತು. ನೀರು ಕುಡಿದವರು ಮೇಲೆ ಬಂದ ಮೇಲೆ ಚೇತರಿಸಿಕೊಳ್ಳುತ್ತಾರೆ. ಇವರು ಮೇಲೆ ಬಂದಷ್ಟೂ ಕುಗ್ಗುತ್ತಿದ್ದರು. ಅದು ಯಾಕೆಂದು ಆಗ ತಿಳಿಯಲಿಲ್ಲ.

ಜಾಕೆಟ್ಟಿಗೆ ಗಾಳಿ ತುಂಬಿ ತೇಲಿಸಿ ದಡಕ್ಕೆ ಎಳೆದುಕೊಂಡು ಬಂದೆ. ಸಿಂದಗಿಯ ಮಾಸ್ತರರು ಬಟ್ಟೆ ಸಮೇತ ನೀರಿಗೆ ನುಗ್ಗಿ ಹೆಗಲು ಕೊಟ್ಟರು. ಮರಳಿನ ಮೇಲೆ ಮಲಗಿಸಿದಾಗ ಉಸಿರಿತ್ತು, ನಾಡಿ ಓಡುತ್ತಿತ್ತು. "ನಿಮ್ಮ ಹೆಸರೇನ್ ಹೇಳ್ರಿ," ಎಂದು ಮಾಸ್ತರರು ಕೇಳಿದರೆ ಅಕ್ಕೋರು ಅವರ ಮುಖವನ್ನೇ ನೋಡಿದರು, ಹೆಸರು ಬರಲಿಲ್ಲ. ಆಮೇಲೆ ವಾಂತಿ.

ತುರ್ತಿಗೆಂದು ಇಟ್ಟಿದ್ದ ನಿಜವಾದ ಆಕ್ಸಿಜನ್ನಿನ ಪೆಟ್ಟಿಗೆ ಮಾಲೀಕನ ಕೋಣೆಯಲ್ಲಿತ್ತು, ಬೀಗ ಹಾಕಿತ್ತು. ಪ್ರವಾಸಿಗರು ಅದನ್ನು ಕಂಡರೆ ಹೆದರುತ್ತಾರೆ ಎಂಬುದು ಅವನ ವಾದವಾಗಿತ್ತು. ಬೀಗದ ಕೈ ಅವನ ಜೇಬಿನಲ್ಲಿ, ಅವನು ನಾವು ಇಳಿದ ಮೇಲೆ ಪೇಟೆಗೆ ಹೋಗಿದ್ದ. ನಾನು ದಡದಲ್ಲಿ ಬಿದ್ದಿದ್ದ ಹಳೆಯ ಲಂಗರಿನ ಕಬ್ಬಿಣ ತೆಗೆದುಕೊಂಡು ಚಿಲಕ ಮುರಿದೆ. ಆಕ್ಸಿಜನ್ ಮುಖಕ್ಕೆ ಹಾಕಿಯೇ ಬಸ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅಕ್ಕೋರು ಕಣ್ಣು ತಿರುಗಿಸಿ, "ನಾ ಎಲ್ಲದೇನಿ?" ಎಂದರು. ಹಿಂದಿನ ಸೀಟಿನಲ್ಲಿ ಇಬ್ಬರು ಅಳುತ್ತಿದ್ದರು.

ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಆಕ್ಸಿಜನ್ ಮುಂದುವರಿಸಲು ಹೇಳಿ, ನನ್ನತ್ತ ತಿರುಗಿದರು.

"ಇವರು ಎಲ್ಲಾದ್ರೂ ಹೊಗೆ ಕುಡಿದಿದ್ದಾರಾ? ಮುಚ್ಚಿದ ಕೋಣೆ, ಜನರೇಟರು, ಅಂಥದ್ದು?"

"ಇಲ್ಲ ಡಾಕ್ಟ್ರೇ. ಇವರು ನೀರಿನಡಿ ಇದ್ರು," ಎಂದೆ. ಹೇಳಿ ಮುಗಿಸುವ ಮೊದಲೇ ನನಗೆ ಕಂಪ್ರೆಸರಿನ ಕೊಳವೆ ನೆನಪಾಯಿತು.

ಬಿಸಿಲು ಇಳಿಯುವ ಮೊದಲೇ ಕೊಲ್ಲಿಗೆ ಮರಳಿ, ಕಂಪ್ರೆಸರಿನ ಶೆಡ್ಡಿಗೆ ಹೋದೆ. ಗಾಳಿ ಎಳೆಯುವ ಕೊಳವೆಯನ್ನು ಕೈಯಲ್ಲಿ ಹಿಡಿದು ಅದು ಹೋದತ್ತ ಹೋದೆ. ನಾನು ಕೆಲಸಕ್ಕೆ ಸೇರಿದಾಗ ಅದು ಉದ್ದನೆಯ ಬಿದಿರಿಗೆ ಕಟ್ಟಿ ಛಾವಣಿಗಿಂತ ಎತ್ತರಕ್ಕೆ ನಿಂತಿತ್ತು. ಈಗ ಬಿದಿರಿಲ್ಲ. ಅದಿದ್ದ ಜಾಗದಲ್ಲಿ ಪ್ರವಾಸಿಗರು ನಿಂತು ಫೋಟೋ ತೆಗೆಸಿಕೊಳ್ಳಲೆಂದು ಹಲಗೆಯ ಮೇಲೆ ಬಣ್ಣದ ದೊಡ್ಡ ರೆಕ್ಕೆ ಬರೆಸಿ ನಿಲ್ಲಿಸಿದ್ದರು. ಕೊಳವೆ ಶೆಡ್ಡಿನ ಹಿಂದೆ ನೆಲಕ್ಕೆ ಬಿದ್ದಿತ್ತು. ಅದರ ಬಾಯಿಂದ ಒಂದು ಮಾರು ದೂರಕ್ಕೆ ಡೀಸೆಲ್ ಜನರೇಟರಿನ ಹೊಗೆ ಕೊಳವೆ. ಜನರೇಟರ್ ಮೊದಲು ಗುಡ್ಡದ ಬುಡದಲ್ಲಿತ್ತು. ಹೊಸದಾಗಿ ತೆರೆದ ಚಹಾ ಅಂಗಡಿಯ ಗಿರಾಕಿಗಳಿಗೆ ಸದ್ದು ಕೇಳಬಾರದೆಂದು ಇಲ್ಲಿಗೆ ತಂದಿದ್ದರು.

ಸಿಲಿಂಡರ್ ತುಂಬುವ ಕೆಲಸದ ಹಿರಿಯರೊಬ್ಬರು ಅಲ್ಲೇ ಕೂತಿದ್ದರು. ಅದೇ ಊರಿನವರು, ನನಗಿಂತ ಬಹಳ ಹಳಬರು. "ಬಿದಿರು ತೆಗೀಬೇಡಿ ಅಂದೆ ನಾನು. ಫೋಟೋದಲ್ಲಿ ಅಡ್ಡ ಬರ್ತದೆ ಅಂದ್ರು," ಎಂದು ನೆಲ ನೋಡಿದರು.

ಆಗ ಎಲ್ಲ ಕೂಡಿಕೊಂಡಿತು. ಆ ವಾರ ವಿದ್ಯುತ್ ಲೈನಿನ ದುರಸ್ತಿ ನಡೆದಿತ್ತು, ಕಂಪ್ರೆಸರ್ ಓಡುತ್ತಿದ್ದುದು ಜನರೇಟರಿನ ಮೇಲೆ. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ಹೊಗೆ ಆಚೆ ಹೋಗುತ್ತಿತ್ತು. ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ತಿರುಗುತ್ತದೆ, ಆಗ ಹೊಗೆಯೆಲ್ಲ ನೇರ ಕೊಳವೆಯ ಬಾಯಿಗೆ. ನನ್ನ ಬೆನ್ನಿನ ಸಿಲಿಂಡರ್ ಬೆಳಗಿನದು, ಅಕ್ಕೋರದು ಹಿಂದಿನ ಮಧ್ಯಾಹ್ನದ್ದು. ಏರುವಾಗ ನಾನು ಅವರ ಬಾಯಿಗೆ ಅದುಮಿ ಹಿಡಿದದ್ದೂ ಅದೇ ಗಾಳಿ, ಅದಕ್ಕೇ ಅವರು ಮೇಲೆ ಬಂದಷ್ಟೂ ಕುಗ್ಗಿದ್ದು. ಒಂದು ಸಿಲಿಂಡರಿನ ಬಾಯಿಯ ವಾಲ್ವಿನ ಕೀಲಿ ಸ್ವಲ್ಪ ತಿರುಗಿಸಿ, ಬಿಳಿ ಬಟ್ಟೆ ಅಡ್ಡ ಹಿಡಿದು ಮೂಸಿದೆ. ಸುಟ್ಟ ಎಣ್ಣೆಯ ವಾಸನೆ. ಇನ್ನೊಂದರಲ್ಲಿ ಏನೂ ಇರಲಿಲ್ಲ. ಆದರೆ ಹೊಗೆಯಲ್ಲಿ ಕೊಲ್ಲುವ ಅನಿಲ ಕಾರ್ಬನ್ ಮೊನಾಕ್ಸೈಡ್, ಅದಕ್ಕೆ ವಾಸನೆಯೇ ಇರುವುದಿಲ್ಲ, ವಾಸನೆ ಇರುವುದು ಅದರ ಜೊತೆ ಬರುವ ಎಣ್ಣೆಗೆ. ವಾಸನೆ ಬಾರದ ಸಿಲಿಂಡರ್ ಶುದ್ಧ ಎನ್ನಲು ನನ್ನ ಬಳಿ ಯಾವ ಉಪಾಯವೂ ಇರಲಿಲ್ಲ. ಅಳೆಯುವ ಉಪಕರಣ ಕೊಡಿಸೆಂದು ಹಿಂದಿನ ಹಂಗಾಮಿನಲ್ಲಿ ಕೇಳಿದ್ದೆ. ಬಂದದ್ದು ಬಣ್ಣದ ರೆಕ್ಕೆ.

ಮಾಲೀಕನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ. "ಆಯ್ತು, ನಾಡಿದ್ದು ಪೈಪು ಮೇಲೆ ಕಟ್ಟಿಸುವ. ನೀನು ಯಾರ ಹತ್ರವೂ ಬಾಯಿ ಬಿಡ್ಬೇಡ. ಆ ಹೆಂಗಸು ಉಪವಾಸ ಮಾಡಿ ಇಳಿದಿದ್ದಂತೆ, ಹಾಗೆ ಹೇಳು."

ಆ ಹೆಂಗಸು ನನ್ನೆದುರಿಗೇ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದರು. ನನಗೂ ಒಂದು ರೊಟ್ಟಿ ಕೊಟ್ಟಿದ್ದರು.

ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಅಕ್ಕೋರನ್ನು ನೋಡಿ, ಸಿಂದಗಿಯ ಮಾಸ್ತರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು, "ನಡಿ, ನಮ್ಮ ಸಾಮಾನು ತರೋದೈತಿ," ಎಂದು ಎದ್ದರು. ಅವರೊಂದಿಗೆ ಇನ್ನೂ ಕೆಲವು ಶಿಕ್ಷಕರು ಬಂದರು.

ಕೊಲ್ಲಿಗೆ ಬಂದರೆ ಬೇರೊಂದು ಪ್ರವಾಸಿ ಗುಂಪು ಜಾಕೆಟ್ ತೊಟ್ಟು ನೀರಂಚಿನಲ್ಲಿ ನಿಂತಿತ್ತು. ಹೊಸದಾಗಿ ಮದುವೆಯಾದ ಜೋಡಿಯೊಂದು ನಗುನಗುತ್ತ ಒಬ್ಬರ ಪಟ್ಟಿ ಒಬ್ಬರು ಬಿಗಿಯುತ್ತಿದ್ದರು. ಅವರ ಬೆನ್ನಿಗೆ ಅದೇ ಸಿಲಿಂಡರುಗಳು. ಮಾಲೀಕ ತಾನೇ ನಿಂತು ಸಂಜ್ಞೆ ಕಲಿಸುತ್ತಿದ್ದ.

"ಇವರನ್ನು ಇಳಿಸಬೇಡಿ," ಎಂದೆ.

ಅವನು ನಗುತ್ತಲೇ ನನ್ನ ಹತ್ತಿರ ಬಂದು, ತುಟಿ ಅಲ್ಲಾಡದಂತೆ, "ಗಿರಾಕಿಗಳ ಎದುರು ರಂಪ ಮಾಡ್ಬೇಡ. ಹತ್ತು ನಿಮಿಷದ ಡೈವು. ಹತ್ತು ನಿಮಿಷಕ್ಕೆ ಯಾರೂ ಸಾಯುದಿಲ್ಲ," ಎಂದ.

ನಾನು ಗುಂಪಿನ ಕಡೆ ತಿರುಗಿ, ದೊಡ್ಡ ದನಿಯಲ್ಲಿ, ನಿಧಾನಕ್ಕೆ ಹೇಳಿದೆ: "ನಿಮ್ಮ ಬೆನ್ನಿನ ಸಿಲಿಂಡರಿನಲ್ಲಿ ಜನರೇಟರಿನ ಹೊಗೆ ಇದೆ. ನಿನ್ನೆ ಇದರಿಂದಲೇ ಒಬ್ಬರು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದಾರೆ. ಜಾಕೆಟ್ ಬಿಚ್ಚಿಡಿ."

ಆ ಜೋಡಿ ಮಾಲೀಕನತ್ತ ನೋಡಿತು. "ಅವಳಿಗೆ ಸಂಬಳದ ತಕರಾರು, ಅದಕ್ಕೆ ಹೀಗೆ," ಎಂದ ಅವನು. ಗಂಡ ಅನುಮಾನಿಸುತ್ತ ನಿಂತೇ ಇದ್ದ. ಮಾತಿಗೆ ಮಾತು ಬೆಳೆದರೆ ಗೆಲ್ಲುವವನು ಮಾಲೀಕನೇ ಎಂದು ನನಗೆ ಹೊಳೆಯಿತು. ನಾನು ಇಂದು ಕೆಲಸ ಬಿಟ್ಟು ಹೋದರೆ ಮಧ್ಯಾಹ್ನ ಇನ್ಯಾರೋ ಇಳಿಯುತ್ತಾರೆ. ಗಾಳಿಯೇ ಇಲ್ಲದಿದ್ದರೆ ಯಾರೂ ಇಳಿಯಲಾರರು.

ಶೆಡ್ಡಿನ ಮುಂದೆ ತುಂಬಿದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಮರಳಿನ ಮೇಲೆ ಮಲಗಿಸಿ, ಉರುಳದಂತೆ ಮೊಣಕಾಲ ನಡುವೆ ಒತ್ತಿ ಹಿಡಿದು, ಬಾಯನ್ನು ಕಡಲ ಕಡೆ ತಿರುಗಿಸಿ ಕೀಲಿ ಬಿಚ್ಚಿದೆ. ಆ ಸದ್ದನ್ನು ಕೇಳದವರಿಗೆ ವಿವರಿಸುವುದು ಕಷ್ಟ. ಲಾರಿಯ ಟೈರು ಒಡೆದು, ಆ ಸದ್ದು ನಿಲ್ಲದೆ ಮುಂದುವರಿದಂತೆ. ಮರಳು ಹಾರಿತು, ಚಹಾ ಅಂಗಡಿಯವರು ಹೊರಗೋಡಿ ಬಂದರು. ಕೀಲಿಯ ಹಿತ್ತಾಳೆ ತಣ್ಣಗಾಗಿ ಬಿಳಿ ಮಂಜು ಕಟ್ಟಿತು, ನನ್ನ ಬೆರಳು ಅಂಟಿಕೊಂಡು ಚರ್ಮ ಸುಲಿಯಿತು. ಎರಡನೆಯದಕ್ಕೆ ಕೈ ಹಾಕಿದಾಗ ಮಾಲೀಕ ನನ್ನ ರಟ್ಟೆ ಹಿಡಿದು ಎಳೆದ.

"ಆಕಿ ಕೈ ಬಿಡ್ರಿ," ಎಂಬ ದನಿ ಕೇಳಿತು. ಸಿಂದಗಿಯ ಮಾಸ್ತರರು. ಮೈದಾನದಲ್ಲಿ ಕೂಗಿ ಕೂಗಿ ಗಡುಸಾದ ದನಿ. ಅವನು ಬಿಟ್ಟ. ಮಾಸ್ತರರು ನನ್ನ ಪಕ್ಕ ಮೊಣಕಾಲೂರಿ ಕೂತರು. "ಯಾವ ಕಡಿ ತಿರುವಬೇಕು ಹೇಳು ತಂಗಿ."

"ಎಡಕ್ಕ್ರಿ ಸರ್. ಸಾವಕಾಶ. ಬಾಯಿ ಮುಂದ ಯಾರೂ ನಿಲ್ಲಬ್ಯಾಡ್ರಿ."

ಉಳಿದ ಶಿಕ್ಷಕರೂ ಕೂತರು. ಸಿಲಿಂಡರುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟಾಗ ಮಾಲೀಕ ಏನೇನೋ ಕಿರುಚುತ್ತಿದ್ದ, ಒಂದಕ್ಷರ ಕೇಳಿಸಲಿಲ್ಲ. ಆ ಹೊಸ ಮದುಮಗಳು ಜಾಕೆಟ್ ಕಳಚಿ, ಗಂಡನದನ್ನೂ ಕಳಚಿಸಿ, ಎರಡೂ ಸಿಲಿಂಡರುಗಳನ್ನು ಎಳೆದು ತಂದು ನಮ್ಮ ಮುಂದಿಟ್ಟಳು. ಸದ್ದು ನಿಂತಾಗ ಸಿಲಿಂಡರ್ ತುಂಬುವವರು ಶೆಡ್ಡಿನಿಂದ ಹೊರಬಂದು, ಯಾರ ಮುಖವನ್ನೂ ನೋಡದೆ, ಜನರೇಟರ್ ತಿರುಗಿಸಿ ಶುರು ಮಾಡುವ ಕೈಹಿಡಿಯನ್ನು ತಂದು ಮಾಸ್ತರರ ಕೈಗೆ ಕೊಟ್ಟರು.

ಅಂದೇ ನನ್ನ ಕೆಲಸ ಹೋಯಿತು. ಅದು ನಿರೀಕ್ಷಿಸಿದ್ದೇ. ಆಮೇಲಿನದು ನಿರೀಕ್ಷಿಸಿರಲಿಲ್ಲ. ನಾನು ಸಾಮಾನು ಒಡೆದು ಸಿಲಿಂಡರಿನ ಗಾಳಿ ಬಿಟ್ಟೆನೆಂದು ಮಾಲೀಕ ಪೊಲೀಸರಿಗೆ ದೂರು ಕೊಟ್ಟ, ಕರಾವಳಿಯ ಉಳಿದ ಡೈವಿಂಗ್ ಅಂಗಡಿಗಳಿಗೆಲ್ಲ ನನ್ನ ಫೋಟೋ ಹಾಕಿ, ಈಕೆಗೆ ತಲೆ ಸರಿಯಿಲ್ಲ ಎಂದು ಸಂದೇಶ ಕಳಿಸಿದ. ಕೆಲಸ ಕೇಳಿದಲ್ಲೆಲ್ಲ ಸುತ್ತಿ ಬಳಸಿ ಇಲ್ಲವೆಂದರು. ಪೊಲೀಸರು ಕರೆಸಿದಾಗ ಹೋದೆ. ಅಧಿಕಾರಿ ದೂರನ್ನು ಓದಿ, "ಗಾಳಿ ಬಿಟ್ಟಿರಿ ಅಂತ ಬರೆದಿದ್ದಾರಲ್ಲ, ಯಾಕೆ ಬಿಟ್ಟಿರಿ ಅಂತ ಬರೆದಿಲ್ಲ," ಎಂದರು. ನಾನು ಹೇಳಿದೆ. ಡಾಕ್ಟರಮ್ಮನೂ ತಾವು ಕಂಡದ್ದನ್ನು ಹೇಳಿದರು. ಅಲ್ಲಿಂದ ಆ ದೂರು ಮುಂದೆ ಹೋಗಲಿಲ್ಲ. ಶಿಕ್ಷಕರು ಒಟ್ಟಾಗಿ ಕೊಟ್ಟ ದೂರಿನ ಮೇಲೆ ಅಧಿಕಾರಿಗಳು ಬಂದು ಕಂಪ್ರೆಸರಿಗೆ ಮೊಹರು ಹಾಕಿದರು. ಮಳೆಗಾಲ ಕಳೆದ ಮೇಲೆ ಕೊಲ್ಲಿ ಮತ್ತೆ ತೆರೆಯಿತು. ಕೊಳವೆ ಈಗ ಮೇಲಿದೆಯಂತೆ, ಅಳೆಯುವ ಉಪಕರಣವೂ ಬಂದಿದೆಯಂತೆ. ಮಾಲೀಕ ಅವನೇ. ಅಕ್ಕೋರು ಹೇಗಿದ್ದಾರೆಂದು ಇಂದಿನವರೆಗೆ ಇಂಡಿಗೆ ಒಂದು ಫೋನ್ ಮಾಡಿಲ್ಲ. ಕೆಟ್ಟ ಗಾಳಿಯನ್ನು ಕೀಲಿ ತಿರುಗಿಸಿ ಹೊರಗೆ ಬಿಡಬಹುದು. ಇಂಥವನನ್ನು ಏನು ಮಾಡುವುದೋ ನನಗೆ ಇನ್ನೂ ಗೊತ್ತಿಲ್ಲ.

ನಾನು ಊರಿಗೆ ಬಂದ ಮೇಲೆ, ಒಂದು ಬೆಳಗ್ಗೆ ತಂಗಡಗಿಯಿಂದ ಹೊರಟು, ಬಸ್ಸು ಬದಲಿಸುತ್ತ ಇಂಡಿಗೆ ಹೋದೆ. ಅಕ್ಕೋರ ಮನೆ ತೋಟದಲ್ಲೇ ಇತ್ತು. ಕೊಯ್ದ ನಿಂಬೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಅವರು ಮೊದಲಿಗಿಂತ ಇಳಿದಿದ್ದರು. ಚಹಾ ಕೊಟ್ಟು ಎದುರಿಗೆ ಕೂತರು.

"ಹೆಂಗದೀರ್ರಿ?" ಎಂದೆ.

"ಛಲೋ ಅದೇನಿ ಅಂತ ಎಲ್ಲಾರಿಗೂ ಹೇಳ್ತೇನಿ. ನಿನಗ ಖರೇ ಹೇಳ್ತೇನಿ. ತೆಲಿ ಬ್ಯಾನಿ ಹ್ವಾದದ್ದು ಮತ್ತ ಬರತೈತಿ. ಮೈದಾನದಾಗ ನಿಂತು ಹುಡುಗಿ ಹೆಸರು ಕರೀಬೇಕಂದ್ರ ಹೆಸರ ಸಿಗಂಗಿಲ್ಲ. ದಿನಾ ನೋಡೂ ಹುಡುಗ್ಯಾರು, ನಾನ ತಯಾರ ಮಾಡಿದವ್ರು. ಅವು ಪಾಪ ತಾವ ಹೇಳ್ತಾವು, ಮೇಡಂ ನನ್ನ ಹೆಸರು ಇದು ಅಂತ." ಮತ್ತೆ ಅವರೇ ಹೇಳಿದರು, "ನನಗ ಅಳು ಬರಂಗಿಲ್ಲ ತಂಗಿ. ಸಿಟ್ಟು ಬರತೈತಿ. ಯಾರ ಮ್ಯಾಲೆ ಮಾಡ್ಲಿ, ಅಂವ ಇಲ್ಲಿಲ್ಲ."

"ನನಗೂ ಬರತೈತ್ರಿ," ಎಂದೆ. ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ, ಕಡಿಮೆ ಆಗುತ್ತಲೂ ಇದೆಯಂತೆ. ಅದನ್ನು ಹೇಳಿದ್ದು ಅವರ ಗಂಡ, ನಿಂಬೆ ಆರಿಸುತ್ತ, ತಲೆ ಎತ್ತದೆ.

ಹೊರಡಲು ಎದ್ದಾಗ ಅಕ್ಕೋರು ನನ್ನ ಕೈ ಹಿಡಿದು ಮತ್ತೆ ಕೂರಿಸಿದರು.

"ಒಂದು ಕೇಳ್ಲೇನು? ನೀರಿಗೆ ಇಳಿದದ್ದು ನೆನಪೈತಿ. ಆಮ್ಯಾಲೆ ದವಾಖಾನಿ ನೆನಪೈತಿ. ನಡುವಿಂದು ಏನೂ ಇಲ್ಲ. ನಾ ಒಳಗ ಏನು ನೋಡಿದ್ನಿ?"

ನೀರಂಚಿನಿಂದ ಶುರು ಮಾಡಿ ಹೇಳಿದೆ. ಎದೆಮಟ್ಟದ ನೀರಿನಲ್ಲಿ ಮುಳುಗಿದ ಕೂಡಲೇ ನೀವು ನನ್ನ ಕೈ ಬಿಟ್ಟಿರಿ, ಹಿಡಿಯುವುದು ಬೇಡವೆಂದು ಸನ್ನೆ ಮಾಡಿದಿರಿ. ಬಂಡೆಯ ಮಗ್ಗುಲಲ್ಲಿ ಹಸಿರು ನೀಲಿ ಗಿಳಿಮೀನುಗಳ ಹಿಂಡು ಹವಳ ಕಡಿಯುತ್ತಿತ್ತು, ಕಟಕಟ ಸದ್ದು ನಿಮಗೂ ಕೇಳಿ ಕಿವಿ ಮುಟ್ಟಿ ತೋರಿಸಿದಿರಿ. ಆಚೆ ಒಂದು ಬಿರುಕಿನಲ್ಲಿ ಆಕ್ಟೋಪಸ್ ಕೂತಿತ್ತು. ಬಂಡೆಯ ಬಣ್ಣದ್ದೇ ಆಗಿ ಕೂತಿದ್ದನ್ನು ನಾನು ನೋಡಿರಲಿಲ್ಲ, ನೀವು ನೋಡಿ ನನಗೆ ತೋರಿಸಿದಿರಿ. ಅದು ನಮ್ಮೆದುರಿಗೇ ಕೆಂಪಾಗಿ, ಬಿಳಿಯಾಗಿ, ಕಾಲುಗಳನ್ನೆಲ್ಲ ಕೂಡಿಸಿಕೊಂಡು ಹಾರಿಹೋಯಿತು. ನೀವು ನಕ್ಕಿರಿ. ನೀರಿನಡಿ ನಗು ಕೇಳುವುದಿಲ್ಲ, ಗುಳ್ಳೆಗಳು ಗೊಂಚಲು ಗೊಂಚಲಾಗಿ ಮೇಲೆ ಹೋದವು.

ಅಕ್ಕೋರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಗಂಡನ ಕೈಯೂ ನಿಂತಿತ್ತು.

"ನಾ ನಿನಗ ತೋರಿಸಿದ್ನಿ?"

"ಹೌದ್ರಿ. ನನಗ ಕಂಡಿರಲಿಲ್ಲ."

"ಇನ್ನೊಮ್ಮಿ ಹೇಳು," ಎಂದರು ಅಕ್ಕೋರು. ನಾನು ನೀರಂಚಿನಿಂದ ಮತ್ತೆ ಶುರು ಮಾಡಿದೆ.